ಕೆಲ್ಲಿ ಬಾರ್ನ್ಸ್ ಅಣೆಕಟ್ಟು

ಅಮೆರಿಕದ ಜಾರ್ಜಿಯಾ ರಾಜ್ಯದ ಟಕೋವಾ ಪಟ್ಟಣದ ಬಳಿ, ಟಕೋವಾ ಹಳ್ಳಕ್ಕೆ ಅಡ್ಡಲಾಗಿದ್ದ ಮಣ್ಣಿನ ಒಡ್ಡು. ಎತ್ತರ ಸುಮಾರು 40 ಅಡಿ, ಉದ್ದ ಸುಮಾರು 400 ಅಡಿ. 1977ರ ನವೆಂಬರ್ 6ರಂದು ಒಡೆದು 39 ಜನರನ್ನು ಬಲಿ ತೆಗೆದುಕೊಂಡಿತು. ಸಣ್ಣ ಒಡ್ಡುಗಳ ಅಪಾಯವನ್ನು ಅಳೆದು ವರ್ಗೀಕರಿಸುವ ಪದ್ಧತಿ ಅಮೆರಿಕದಲ್ಲಿ ಕಡತದಿಂದ ಕಾರ್ಯಕ್ಕೆ ಇಳಿದದ್ದು ಈ ದುರಂತದ ನಂತರ.

ಇದನ್ನು ಒಂದೇ ಸಲ ಯೋಜಿಸಿ ಕಟ್ಟಿದ್ದಲ್ಲ. 1899ರಲ್ಲಿ ಸಣ್ಣ ವಿದ್ಯುತ್ ಘಟಕಕ್ಕಾಗಿ ಮರದ ಚೌಕಟ್ಟಿನೊಳಗೆ ಕಲ್ಲು ತುಂಬಿ ಕಟ್ಟೆ ಹಾಕಿದರು. 1930ರ ದಶಕದ ಕೊನೆಗೆ ಹಳ್ಳದ ಕೆಳಗಿದ್ದ ಒಂದು ಬೈಬಲ್ ವಿದ್ಯಾಲಯ ತನ್ನ ವಿದ್ಯುತ್ತಿಗಾಗಿ ಆ ಕಟ್ಟೆಯ ಮೇಲೆಯೇ ಮಣ್ಣು ಹೇರಿಸಿತು. ಎರಡನೆಯ ಮಹಾಯುದ್ಧದ ನಂತರ ಏರಿಯನ್ನು ಮತ್ತೆ ಎತ್ತರಿಸಲಾಯಿತು. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತು, ಸುಮಾರು 40 ಎಕರೆಯ ಕೆರೆ ಈಜಿಗೆ, ಮೀನು ಹಿಡಿಯುವುದಕ್ಕೆ ಉಳಿಯಿತು. ವರಮಾನ ತರದ ಏರಿಯ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಹೊರಮೈ ಇಳಿಜಾರು ತೀರ ಕಡಿದಾಗಿತ್ತು, ಅಲ್ಲಿ ಮರಗಳು ಬೆಳೆದಿದ್ದವು. 1973ರ ಒಂದು ಛಾಯಾಚಿತ್ರದಲ್ಲಿ ಅಲ್ಲಿನ ಮಣ್ಣು ಕುಸಿದಿರುವುದು ಕಾಣುತ್ತದೆ.

1977ರ ನವೆಂಬರ್ 2ರಿಂದ 5ರವರೆಗೆ ಸುಮಾರು 7 ಅಂಗುಲ ಮಳೆಯಾಯಿತು. ಅದರ ಅರ್ಧದಷ್ಟು ಕೊನೆಯ ಸಂಜೆಯೊಂದರಲ್ಲೇ ಸುರಿದಿತ್ತು. ರಾತ್ರಿ 1:30ರ ಸುಮಾರಿಗೆ ಏರಿ ಒಡೆಯಿತು. ನೀರು 186 ಅಡಿಯ ಟಕೋವಾ ಜಲಪಾತದಿಂದ ಧುಮುಕಿ, ವಿದ್ಯಾಲಯದ ಆವರಣದಲ್ಲಿ ಹಳ್ಳದ ಪಕ್ಕ ಮಲಗಿದ್ದ ಕುಟುಂಬಗಳ ಮೇಲೆರಗಿತು. ಹರಿವಿನ ಗರಿಷ್ಠ ಪ್ರಮಾಣ 24,000 ಕ್ಯೂಸೆಕ್ ಎಂದು ಅಂದಾಜಿಸಲಾಯಿತು. ಸತ್ತವರಲ್ಲಿ ಅನೇಕರು ಮಕ್ಕಳು. ಕೇಂದ್ರದ ತನಿಖಾ ಮಂಡಳಿಗೆ ಇದೇ ಕಾರಣವೆಂದು ಒಂದನ್ನು ಬೊಟ್ಟು ಮಾಡಲಾಗಲಿಲ್ಲ. ಕಡಿದಾದ ಇಳಿಜಾರಿನ ಕುಸಿತ, ಒಳಗೊಳಗೇ ಮಣ್ಣು ಕೊರೆದ ಸೋರಿಕೆ ಇವೆರಡೂ ಸೇರಿರಬಹುದೆಂದು ಅದು ಹೇಳಿತು.

ತಪಾಸಣೆಗೆ ಕಾನೂನು ಮೊದಲೇ ಇತ್ತು. 1972ರ ಫೆಬ್ರವರಿಯಲ್ಲಿ ಪಶ್ಚಿಮ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಒಡ್ಡು ಒಡೆದು 125 ಜನ ಸತ್ತಾಗ, ಅದೇ ವರ್ಷ ಅಣೆಕಟ್ಟು ತಪಾಸಣಾ ಕಾಯ್ದೆ ಬಂದಿತ್ತು. ತಪಾಸಣೆಗೆ ಹಣ ಮಾತ್ರ ಬರಲಿಲ್ಲ. ಅಣೆಕಟ್ಟುಗಳ ಪಟ್ಟಿ ಮಾಡುವುದರಲ್ಲೇ ಕೆಲಸ ನಿಂತಿತು. ಟಕೋವಾದ ನಂತರ, ಜಾರ್ಜಿಯಾದವರೇ ಆದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸೇನಾ ಎಂಜಿನಿಯರ್ ದಳಕ್ಕೆ ತಪಾಸಣೆ ಆರಂಭಿಸಲು ಆದೇಶಿಸಿದರು. 1981ರ ಹೊತ್ತಿಗೆ ನೋಡಿ ಮುಗಿಸಿದ ಸುಮಾರು 8,800 ಖಾಸಗಿ ಹಾಗೂ ಸ್ಥಳೀಯ ಅಣೆಕಟ್ಟುಗಳಲ್ಲಿ ಮೂರನೆಯ ಒಂದು ಭಾಗ ಅಸುರಕ್ಷಿತವೆಂದು ತಿಳಿಯಿತು. ಹೆಚ್ಚಿನವುಗಳ ದೋಷ ಒಂದೇ: ದೊಡ್ಡ ನೆರೆ ಬಂದರೆ ಕೋಡಿ ಸಾಲದು. ಜಾರ್ಜಿಯಾ 1978ರಲ್ಲಿ ತನ್ನದೇ ಅಣೆಕಟ್ಟು ಸುರಕ್ಷತಾ ಕಾನೂನು ಮಾಡಿತು.

ಅಮೆರಿಕದ ಅಪಾಯ ವರ್ಗೀಕರಣದ ಮೂರು ದರ್ಜೆಗಳು ಇಂದಿಗೂ ತಪ್ಪು ತಿಳಿವಳಿಕೆಗೆ ಎಡೆಮಾಡುತ್ತವೆ. ಒಡೆದರೆ ಒಂದು ಜೀವವಾದರೂ ಹೋಗುವ ಸಂಭವವಿದ್ದರೆ 'ಹೆಚ್ಚು ಅಪಾಯ'. ಜೀವಹಾನಿಯಿಲ್ಲದೆ ರಸ್ತೆ, ಆಸ್ತಿ, ಪರಿಸರಕ್ಕೆ ನಷ್ಟವಾಗುವಂತಿದ್ದರೆ 'ಗಣನೀಯ ಅಪಾಯ'. ನಷ್ಟ ಬಹುಪಾಲು ಮಾಲೀಕನ ಜಮೀನಿಗೇ ಸೀಮಿತವಾದರೆ 'ಕಡಿಮೆ ಅಪಾಯ'. ಏರಿ ಗಟ್ಟಿಯೋ ಶಿಥಿಲವೋ ಎಂಬುದಕ್ಕೂ ಈ ದರ್ಜೆಗೂ ಸಂಬಂಧವಿಲ್ಲ. ಅದು ಕೆಳಗಿರುವ ಜನರ ಲೆಕ್ಕ. ಹೊಲವಿದ್ದಲ್ಲಿ ಬಡಾವಣೆ ಎದ್ದರೆ, ಒಡ್ಡಿನಲ್ಲಿ ಒಂದು ಕಲ್ಲೂ ಅಲುಗದೆ ದರ್ಜೆ ಏರುತ್ತದೆ. ಆಗ ಕೋಡಿಯನ್ನು ಇನ್ನೂ ದೊಡ್ಡ ನೆರೆಗೆ ತಕ್ಕಂತೆ ಅಗಲಿಸಬೇಕಾಗುತ್ತದೆ. ಸಣ್ಣ ಮಾಲೀಕರು ಕೈಚೆಲ್ಲುವುದು ಈ ಖರ್ಚಿನ ಮುಂದೆ.

ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮೊದಲು ನೋಡುವುದು ಕೆಳಗಿನ ಜನರನ್ನಲ್ಲ, ಎತ್ತರವನ್ನು. 15 ಮೀಟರಿಗಿಂತ ಎತ್ತರದವು ನೇರವಾಗಿ ಅದರ ವ್ಯಾಪ್ತಿಗೆ ಸೇರುತ್ತವೆ. 10ರಿಂದ 15 ಮೀಟರಿನವಕ್ಕೆ 500 ಮೀಟರ್ ಉದ್ದ ಅಥವಾ 10 ಲಕ್ಷ ಘನಮೀಟರ್ ಸಂಗ್ರಹದಂಥ ಷರತ್ತುಗಳಲ್ಲಿ ಒಂದಾದರೂ ಕೂಡಿಬರಬೇಕು. ಒಡೆದಾಗ ಕೆಲ್ಲಿ ಬಾರ್ನ್ಸ್‌ನಲ್ಲಿ ಇದ್ದದ್ದು ಸುಮಾರು 7.8 ಲಕ್ಷ ಘನಮೀಟರ್ ನೀರು, ಏರಿಯ ಉದ್ದ 122 ಮೀಟರ್, ಎತ್ತರ ಸುಮಾರು 12 ಮೀಟರ್: ಈ ಎರಡು ಷರತ್ತುಗಳಲ್ಲಿ ಒಂದನ್ನೂ ಅದು ಮುಟ್ಟುತ್ತಿರಲಿಲ್ಲ. 10 ಮೀಟರಿಗಿಂತ ತಗ್ಗಿನ ಕೆರೆ ಏರಿಗಳು, ಕೆಳಗೆ ಊರಿದ್ದರೂ, ಈ ಕಾಯ್ದೆಯ ಹೊರಗೇ ಇವೆ.