ಗವಿಮಠದ ಬಂಡೆಯೂ ಮೆಮೊರಿ ಕಾರ್ಡೂ

ಹಗೇವು ತುಂಬಿದ ಮೇಲೆ ಹೊಸ ಜೋಳವನ್ನು ಎಲ್ಲಿಡುವುದೆಂಬುದು ನಮ್ಮ ಎರೆಭೂಮಿಯ ಒಕ್ಕಲಿಗನ ಹಳೆಯ ಚಿಂತೆ. ಇಂದು ಅದೇ ಚಿಂತೆ ಪೇಟೆಯ ಮನೆಗಳಿಗೂ ಬಂದಿದೆ; ತುಂಬಿರುವುದು ಮಾತ್ರ ಹಗೇವಲ್ಲ, ಟ್ಯಾಬ್ಲೆಟ್ಟು. ಮೊಮ್ಮಗಳ ಮೊದಲ ಹೆಜ್ಜೆ, ಗವಿಸಿದ್ಧೇಶ್ವರನ ತೇರು, ಮದುವೆಯ ಸೋಬಾನೆ, ಮಕ್ಕಳ ಪಾಠ ಇವೆಲ್ಲವೂ ವಿಡಿಯೋಗಳಾಗಿ ಅದರೊಳಗೆ ಸೇರಿ, ಒಂದು ದಿನ ಜಾಗವಿಲ್ಲವೆಂದು ಯಂತ್ರವೇ ಸಾರುತ್ತದೆ. ಆಗ ನಾವು ಉಗುರಿನಷ್ಟಗಲದ ಮೆಮೊರಿ ಕಾರ್ಡೊಂದನ್ನು ತಂದು, ವಿಡಿಯೋಗಳನ್ನು ಅದಕ್ಕೆ ಸಾಗಿಸಿ, ಟ್ಯಾಬ್ಲೆಟ್ಟನ್ನು ಹಗುರ ಮಾಡಿಕೊಳ್ಳುತ್ತೇವೆ. ಇದು ನಿನ್ನೆ ಮೊನ್ನೆಯ ಕೆಲಸವೆಂದು ತೋರಬಹುದು. ಆದರೆ ನೆನಪನ್ನು ಬಹುಕಾಲ ಬಾಳುವಂತೆ ಬರೆದಿಡುವ ವಿದ್ಯೆಗೆ ನಮ್ಮ ಕೊಪ್ಪಳದಲ್ಲಿಯೇ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿದ ಚರಿತ್ರೆಯುಂಟು.

ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದೆಂಬುದು ಸರ್ವವಿದಿತ. ಅದಕ್ಕೂ ಸಾವಿರ ವರ್ಷಗಳಿಗೆ ಹಿಂದೆ, ಅಶೋಕ ಚಕ್ರವರ್ತಿಯ ಧರ್ಮಲಿಪಿ ಇಲ್ಲಿಗೆ ಬಂದಿತ್ತು. ಗವಿಮಠದ ಬೆಟ್ಟದಲ್ಲಿ ಒಂದು, ಅದೇ ಊರಿನ ಪಾಲ್ಕಿಗುಂಡು ಗುಡ್ಡದಲ್ಲಿ ಇನ್ನೊಂದು, ಹೀಗೆ ಎರಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಎರಡರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಮುಖ್ಯ ಸಂಗತಿಯೆಂದರೆ, ಎರಡರಲ್ಲಿಯೂ ಇರುವುದು ಒಂದೇ ಪಾಠ. ಹಿರಿಯನಾಗಲಿ ಕಿರಿಯನಾಗಲಿ ಪ್ರಯತ್ನಶೀಲನಾದರೆ ಶ್ರೇಯಸ್ಸನ್ನು ಪಡೆಯಬಲ್ಲನೆಂಬುದು ಅದರ ಸಾರ. ಈ ವಿಷಯವು ಬಹುಕಾಲ ನಿಲ್ಲಲೆಂಬ ಹಾರೈಕೆಯೂ ಅದರಲ್ಲಿಯೇ ಇದೆ.

ಒಂದೇ ಊರಿನಲ್ಲಿ ಒಂದೇ ಮಾತನ್ನು ಎರಡು ಸಲ ಕೆತ್ತಿಸಿದ್ದೇಕೆ? ದಾರಿಹೋಕರಿಬ್ಬರ ಕಣ್ಣಿಗೂ ಬೀಳಲೆಂದಿರಬಹುದು. ಕಾರಣವೇನೇ ಇರಲಿ, ಫಲವು ನಮ್ಮ ಕಣ್ಣೆದುರಿಗಿದೆ. ಪಾಲ್ಕಿಗುಂಡಿನ ಅಕ್ಷರಗಳು ಬಹಳಮಟ್ಟಿಗೆ ಸವೆದುಹೋಗಿವೆ. ಗವಿಮಠದ ಪಾಠ ಚೆನ್ನಾಗಿ ಉಳಿದಿದೆ. ಗವಿಮಠದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಪಾಲ್ಕಿಗುಂಡಿನ ಅಳಿದುಳಿದ ಗೆರೆಗಳಿಗೂ ಅರ್ಥ ಬರುತ್ತದೆ. ಗವಿಮಠದ ಬಂಡೆಯೊಂದು ಇಲ್ಲದಿದ್ದರೆ ಕೊಪ್ಪಳದ ಧರ್ಮಲಿಪಿಯನ್ನು ನಾವು ಎಷ್ಟು ಓದಬಹುದಾಗಿತ್ತು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದ ಶಾಸನಗಳೂ ಹೀಗೆಯೇ ಒಂದಕ್ಕೊಂದು ಸಮೀಪದಲ್ಲಿರುವ ಪ್ರತಿಗಳು. ಅಲ್ಲಿ ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಕಲ್ಲು ಗಟ್ಟಿಯಾದದ್ದೇ, ಆದರೆ ಮಾತನ್ನು ಉಳಿಸಿದ್ದು ಕಲ್ಲಿನ ಗಟ್ಟಿತನವೊಂದೇ ಅಲ್ಲ, ಪ್ರತಿಗಳ ಸಂಖ್ಯೆಯೂ ಹೌದು.

ಕಲ್ಲಿನಿಂದ ಓಲೆಗರಿಗೆ ಬಂದರೆ ಈ ಸತ್ಯ ಇನ್ನೂ ಸ್ಪಷ್ಟವಾಗುತ್ತದೆ. ಓಲೆಗರಿಗೆ ಹುಳು ಬೀಳುತ್ತದೆ, ತೇವ ತಗಲುತ್ತದೆ. ಜೀರ್ಣವಾಗುವುದರೊಳಗೆ ಹೊಸ ಗರಿಗೆ ಪ್ರತಿ ಮಾಡಿಕೊಳ್ಳಲೇಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಸ್ವಂತ ಖರ್ಚಿನಿಂದ ಮಾಡಿಸಿದ ಅತ್ತಿಮಬ್ಬೆಯನ್ನು ಕನ್ನಡಿಗರು ಇಂದಿಗೂ ದಾನಚಿಂತಾಮಣಿಯೆಂದು ಸ್ಮರಿಸುತ್ತಾರೆ. ಆಕೆಯ ಬಸದಿಯಿರುವ ಲಕ್ಕುಂಡಿ ನಮ್ಮ ಯಲಬುರ್ಗಾ ಸೀಮೆಗೆ ದೂರವೇನಲ್ಲ. ಅಂಥ ಪೋಷಣೆ ದೊರೆಯದ ಕೃತಿಗಳ ಗತಿ ಏನಾಯಿತು? ಅದೇ ಪೊನ್ನನ ಭುವನೈಕರಾಮಾಭ್ಯುದಯವು ದೊರೆತಿಲ್ಲ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳು ಹೆಸರಿಗಷ್ಟೇ ಉಳಿದಿವೆ. ಒಂದೊಂದು ಕೃತಿಗೂ ಎಲ್ಲಿಯೋ ಒಂದು ಕೊನೆಯ ಪ್ರತಿಯೆಂಬುದಿದ್ದಿರಬೇಕು. ಅದು ಕೊನೆಯದೆಂದು ಅದನ್ನು ಇಟ್ಟುಕೊಂಡವರಿಗೆ ತಿಳಿದಿರಲಿಲ್ಲ.

ಆಧುನಿಕರಾದ ನಾವು ಹೆಚ್ಚು ಜಾಣರೇನಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಇಂದು ನೋಡೋಣವೆಂದರೆ ಅದರ ಪ್ರತಿಯಿಲ್ಲ. ಕಾಂತದ ಟೇಪು ದುಬಾರಿಯಾಗಿದ್ದ ಕಾಲದಲ್ಲಿ, ಹಳೆಯ ಮುದ್ರಣವನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸುವ ರೂಢಿಯಿತ್ತು. ಲಂಡನ್ನಿನ ಬಿ.ಬಿ.ಸಿ. ಸಂಸ್ಥೆಯು 1960 ಮತ್ತು 70ರ ದಶಕಗಳಲ್ಲಿ ಹೀಗೆ ಅನೇಕ ಕಾರ್ಯಕ್ರಮಗಳನ್ನು ಕಳೆದುಕೊಂಡಿತು. 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಟೇಪುಗಳೂ, ಟೇಪಿನ ಅಭಾವದಿಂದಾಗಿ ಅಳಿಸಲ್ಪಟ್ಟು ಮರುಬಳಕೆಯಾಗಿರಬೇಕೆಂದು ಅಮೆರಿಕದ ನಾಸಾ ಸಂಸ್ಥೆ 2009ರಲ್ಲಿ ತಿಳಿಸಿತು. ಜಾಗ ಬೇಕಾಗಿತ್ತು, ಅಷ್ಟೆ! ಪುಣ್ಯಕ್ಕೆ ದೂರದರ್ಶನದಲ್ಲಿ ಪ್ರಸಾರವಾದ ಪ್ರತಿಗಳು ಬೇರೆಡೆ ಉಳಿದಿದ್ದುದರಿಂದ ಆ ದೃಶ್ಯ ಲೋಕಕ್ಕೆ ದಕ್ಕಿತು. ಇಲ್ಲಿಯೂ ಪಾಲ್ಕಿಗುಂಡು ಸವೆದಿತ್ತು, ಗವಿಮಠ ಉಳಿದಿತ್ತು.

ಇನ್ನು ಮೆಮೊರಿ ಕಾರ್ಡಿನ ಜಾತಕ. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಎಂಬ ವಿಜ್ಞಾನಿ 1984ರಲ್ಲಿ ಫ್ಲ್ಯಾಷ್ ಸ್ಮರಣೆಯನ್ನು ವಿದ್ವಾಂಸರ ಮುಂದಿಟ್ಟನು. ಅದನ್ನು ಬಳಸುವ ಎಸ್.ಡಿ. ಕಾರ್ಡು 1999ರಲ್ಲಿಯೂ, ಇನ್ನೂ ಚಿಕ್ಕದಾದ ಮೈಕ್ರೋ ಎಸ್.ಡಿ. 2005ರಲ್ಲಿಯೂ ಬಂದವು. ಇದರಲ್ಲಿ ಕೆತ್ತನೆಯಿಲ್ಲ, ಮಸಿಯಿಲ್ಲ. ಅತಿಸೂಕ್ಷ್ಮ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿರುತ್ತಾರೆ. ಅವು ಅಲ್ಲಿ ನಿಂತಿರುವವರೆಗೆ ನೆನಪು. ಬರೆದು ಅಳಿಸಿ ಮಾಡಿದಂತೆಲ್ಲ ಕೋಶಗಳು ಸವೆಯುತ್ತವೆ. ಬಳಸದೆ ವರ್ಷಗಟ್ಟಲೆ ಇಟ್ಟರೆ ಒಳಗಿನ ಅಂಶ ಮೆಲ್ಲನೆ ಸೋರಿಯೂ ಹೋಗಬಹುದು. ಬಂಡೆ ಸವೆಯುವುದು ಶತಮಾನಗಳಲ್ಲಿ, ಕಣ್ಣಿಗೆ ಕಾಣುವಂತೆ. ಕಾರ್ಡು ಕೆಡುವುದು ಒಂದು ಕ್ಷಣದಲ್ಲಿ, ಹೇಳದೆ ಕೇಳದೆ.

ಇದನ್ನು ನಾನು ಪುಸ್ತಕದಿಂದಲ್ಲ, ನಷ್ಟದಿಂದ ಕಲಿತೆ. ನಮ್ಮ ತಾಯಿಯವರು ಬೀಸುಕಲ್ಲಿನ ಪದಗಳನ್ನು ಬಲ್ಲವರಾಗಿದ್ದರು. ಅವರ ಕೊನೆಯ ವರ್ಷದಲ್ಲಿ ಹದಿನಾಲ್ಕು ಪದಗಳನ್ನು ಟ್ಯಾಬ್ಲೆಟ್ಟಿನಲ್ಲಿ ವಿಡಿಯೋ ಮಾಡಿಕೊಂಡಿದ್ದೆ. ಜಾಗ ಸಾಲದಾದಾಗ ಎಲ್ಲವನ್ನೂ ಕಾರ್ಡಿಗೆ ಸಾಗಿಸಿ, ಕಾರ್ಡನ್ನು ಪಂಚಾಂಗದ ನಡುವೆ ಭದ್ರವಾಗಿ ಇಟ್ಟೆ. ಅವರ ವರ್ಷಾಂತಿಕದ ದಿನ ತೆಗೆದು ಹಾಕಿದರೆ, ಕಾರ್ಡು ಖಾಲಿಯೆಂದು ಯಂತ್ರ ತೋರಿಸಿತು. ಬಲ್ಲವರಿಗೆ ತೋರಿಸಿದರೂ ಫಲವಾಗಲಿಲ್ಲ. ಕುಷ್ಟಗಿಯಲ್ಲಿರುವ ತಂಗಿಗೆ ಅಳುಕುತ್ತಲೇ ಸುದ್ದಿ ಹೇಳಿದೆ. “ಅಣ್ಣಾ, ಕುಟ್ಟೋ ಪದ ಒಂದು ನೀ ನನಗ ಕಳಿಸಿದ್ದಿ ನೋಡು, ಅದು ನನ್ನ ಫೋನಿನ್ಯಾಗ ಐತಿ” ಎಂದಳು. ಫೋನಿನಿಂದ ಫೋನಿಗೆ ಹೋಗುವಾಗ ಕುಗ್ಗಿದ್ದರಿಂದ ಆ ಚಿತ್ರ ಮಸುಕಾಗಿದೆ. ದನಿ ಮಾತ್ರ ಅವ್ವನದೇ. ಹದಿನಾಲ್ಕರಲ್ಲಿ ಹದಿಮೂರು ಹೋದವು.

ಕಾರ್ಡು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಲಿಪಿಕಾರನ ಕೈತಪ್ಪು ಕಾಣದ, ಮೂಲಕ್ಕೆ ಸರಿಸಮನಾದ ಪ್ರತಿ ಅದರಲ್ಲಿ ನಿಮಿಷದಲ್ಲಿ ಸಿದ್ಧವಾಗುತ್ತದೆ; ಅತ್ತಿಮಬ್ಬೆಗೂ ಇಲ್ಲದಿದ್ದ ಸೌಕರ್ಯವಿದು. ಕ್ರಮವನ್ನಷ್ಟು ತಿಳಿದಿರಬೇಕು. ‘ಸಾಗಿಸು’ ಎಂದರೆ ಮೂಲವು ಅಳಿಯುತ್ತದೆ, ‘ಪ್ರತಿ ಮಾಡು’ ಎಂದರೆ ಉಳಿಯುತ್ತದೆ. ಆದ್ದರಿಂದ ಮೊದಲು ಪ್ರತಿ ಮಾಡಬೇಕು. ಕಾರ್ಡಿನಲ್ಲಿ ವಿಡಿಯೋ ತೆರೆದು ಕೊನೆಯವರೆಗೆ ಓಡುವುದೋ ಎಂದು ನೋಡಬೇಕು. ಇನ್ನೊಂದು ಪ್ರತಿಯನ್ನು ಬೇರೊಂದು ಕಾರ್ಡಿನಲ್ಲಿಯೋ ಕಂಪ್ಯೂಟರಿನಲ್ಲಿಯೋ, ಸಾಧ್ಯವಾದರೆ ಬೇರೊಂದು ಮನೆಯಲ್ಲಿಯೇ ಇಡಬೇಕು. ಆಮೇಲೆ ಟ್ಯಾಬ್ಲೆಟ್ಟಿನದನ್ನು ಅಳಿಸಬಹುದು. ವರ್ಷಕ್ಕೊಮ್ಮೆ, ಓಲೆಯ ಕಟ್ಟನ್ನು ಬಿಚ್ಚಿ ಗಾಳಿಗೆ ಒಡ್ಡುವಂತೆ, ಕಾರ್ಡನ್ನೂ ತೆರೆದು ನೋಡಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಎಷ್ಟೋ ಮನೆಗಳಲ್ಲಿ ಅಜ್ಜಿಯ ಹಾಡು, ಬಯಲಾಟದ ಮಾತು, ತೊಗಲುಬೊಂಬೆಯ ಕುಣಿತ ಇಂದು ಒಂದೇ ಒಂದು ಯಂತ್ರದಲ್ಲಿ ಕುಳಿತಿರಬಹುದು. ಜಾಗ ಮಾಡುವ ಮುನ್ನ ಒಮ್ಮೆ ಕೊಪ್ಪಳದ ಆ ಎರಡು ಗುಡ್ಡಗಳನ್ನು ನೆನೆಯೋಣ. ಬೀಜದ ಜೋಳವನ್ನು ಒಂದೇ ಗಡಿಗೆಯಲ್ಲಿ ಇಡುವ ಒಕ್ಕಲಿಗನುಂಟೆ?