ದಕ್ಷಿಣ ಬೆಂಗಳೂರಿನ ಗಾಳಿಯಲ್ಲಿನ ಸೂಕ್ಷ್ಮಕಣಗಳು: ರಾಸಾಯನಿಕ ಅಧ್ಯಯನದ ಚರಿತ್ರೆ

ನಗರಗಳ ವಾಯುಮಾಲಿನ್ಯದ ಚರಿತ್ರೆಯು ಬಹುಮಟ್ಟಿಗೆ ಅಳತೆಯ ಚರಿತ್ರೆಯೇ ಆಗಿದೆ. 1974ರಲ್ಲಿ ಸ್ಥಾಪಿತವಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಗಾಳಿಯ ಹೊಣೆಯೂ ಬಂದುದು 1981ರ ವಾಯು ಕಾಯ್ದೆಯ ತರುವಾಯ. ಆರಂಭದಲ್ಲಿ ಗಾಳಿಯಲ್ಲಿ ತೇಲುವ ಕಣಗಳ ಒಟ್ಟು ತೂಕವೊಂದೇ ಗಣನೆಗೆ ಬರುತ್ತಿತ್ತು. 1994ರ ರಾಷ್ಟ್ರೀಯ ಮಾನದಂಡವು 10 ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳನ್ನು ಪ್ರತ್ಯೇಕವಾಗಿ ಪರಿಗಣಿಸಿತು. 2009ರ ನವೆಂಬರಿನ ಪರಿಷ್ಕರಣೆಯು 2.5 ಮೈಕ್ರೋಮೀಟರಿನ ಸೂಕ್ಷ್ಮಕಣಗಳಿಗೆ ಘನಮೀಟರಿಗೆ 40 ಮೈಕ್ರೋಗ್ರಾಮಿನ ವಾರ್ಷಿಕ ಮಿತಿಯನ್ನು ವಿಧಿಸಿ, ಆರ್ಸೆನಿಕ್, ನಿಕ್ಕಲ್ ಹಾಗೂ ಬೆಂಜೋಪೈರೀನ್‌ಗಳನ್ನೂ ಪಟ್ಟಿಗೆ ಸೇರಿಸಿತು.

ತೂಕವು ಕಣದ ಪ್ರಮಾಣವನ್ನು ತಿಳಿಸುತ್ತದೆಯೇ ಹೊರತು ಅದರ ಮೂಲವನ್ನಲ್ಲ. ಮೂಲವನ್ನು ಅರಿಯಲು ರಾಸಾಯನಿಕ ಸಂಯೋಜನೆಯೇ ಆಧಾರ. ಸಿಲಿಕಾನ್, ಅಲ್ಯೂಮಿನಿಯಂ, ಕ್ಯಾಲ್ಸಿಯಂಗಳು ರಸ್ತೆ ಮತ್ತು ಕಟ್ಟಡ ನಿರ್ಮಾಣದ ಧೂಳನ್ನು ಸೂಚಿಸಿದರೆ, ಧಾತುರೂಪದ ಇಂಗಾಲವು ಡೀಸೆಲ್ ಮುಂತಾದ ಇಂಧನಗಳ ಅಪೂರ್ಣ ದಹನವನ್ನು ಸೂಚಿಸುತ್ತದೆ. ಸಲ್ಫೇಟ್, ನೈಟ್ರೇಟ್‌ಗಳು ಬಹುಪಾಲು ಯಾವ ಕೊಳವೆಯಿಂದಲೂ ನೇರವಾಗಿ ಹೊರಬೀಳುವುದಿಲ್ಲ. ಗಂಧಕ ಹಾಗೂ ಸಾರಜನಕದ ಆಕ್ಸೈಡುಗಳು ಗಾಳಿಯಲ್ಲಿಯೇ ರೂಪಾಂತರ ಹೊಂದಿ, ಅಮೋನಿಯದೊಡನೆ ಕೂಡಿ ಕಣಗಳಾಗುತ್ತವೆ.

ಈ ದೃಷ್ಟಿಯಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಆರು ನಗರಗಳಲ್ಲಿ ನಡೆಸಿ 2011ರಲ್ಲಿ ಸಮಗ್ರ ವರದಿ ಪ್ರಕಟಿಸಿದ ಅಧ್ಯಯನವು ಮಹತ್ವದ್ದು. ಬೆಂಗಳೂರಿನ ಕಾರ್ಯವನ್ನು ಟೆರಿ ಸಂಸ್ಥೆಯು ನಿರ್ವಹಿಸಿತು. ಆಯ್ದ ನೆಲೆಗಳಲ್ಲಿ ಬಿ.ಟಿ.ಎಂ. ಬಡಾವಣೆಗೆ ತಾಗಿದ ರೇಷ್ಮೆ ಮಂಡಳಿಯ ವೃತ್ತ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಆವರಣಗಳೂ ಇದ್ದವು. ಶೋಧಕ ಹಾಳೆಗಳಲ್ಲಿ ಹಿಡಿದ ಕಣಗಳ ಅಯಾನು, ಧಾತು ಮತ್ತು ಇಂಗಾಲಗಳನ್ನು ವಿಶ್ಲೇಷಿಸಿ, ಮೂಲಗಳ ರಾಸಾಯನಿಕ ಚಹರೆಗಳೊಡನೆ ತಾಳೆನೋಡಲಾಯಿತು. ಅದೇ ಅಧ್ಯಯನದ ಉತ್ಸರ್ಜನಾ ಲೆಕ್ಕದಂತೆ 10 ಮೈಕ್ರೋಮೀಟರಿನವರೆಗಿನ ಕಣಗಳಲ್ಲಿ ವಾಹನಗಳ ಪಾಲು ಶೇ. 42, ರಸ್ತೆಧೂಳಿನದು ಶೇ. 20, ನಿರ್ಮಾಣ ಮತ್ತು ಕೈಗಾರಿಕೆಗಳದು ತಲಾ ಶೇ. 14, ಡೀಸೆಲ್ ಜನರೇಟರುಗಳದು ಶೇ. 7. ಕಣ ಸೂಕ್ಷ್ಮವಾದಷ್ಟೂ ಮಣ್ಣಿನ ಅಂಶ ತಗ್ಗಿ ಇಂಗಾಲದ ಅಂಶ ಹೆಚ್ಚುವುದು ಕಂಡುಬಂದಿತು.

ಇಂಧನದ ರಸಾಯನವನ್ನು ತಿದ್ದುವುದು ಗಾಳಿಯ ರಸಾಯನವನ್ನು ತಿದ್ದುವ ಮಾರ್ಗಗಳಲ್ಲೊಂದು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಳಕೆಗೆ ಬಂದಿತು. ಬೆಂಗಳೂರಿನ ಡೀಸೆಲಿನಲ್ಲಿ ಗಂಧಕದ ಮಿತಿಯು 2005ರಲ್ಲಿ ದಶಲಕ್ಷಕ್ಕೆ 350 ಭಾಗ, 2010ರಲ್ಲಿ 50, 2020ರಲ್ಲಿ 10 ಭಾಗಕ್ಕೆ ಇಳಿಯಿತು.

ಇದೇ ಅವಧಿಯಲ್ಲಿ ನಗರವೂ ದಕ್ಷಿಣಕ್ಕೆ ಬೆಳೆಯಿತು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ವಸಂತಪುರವು ಬಡಾವಣೆಗಳ ನಡುವೆ ಸೇರಿಹೋಯಿತು. 2021ರ ಜನವರಿಯಲ್ಲಿ ಕನಕಪುರ ರಸ್ತೆಯಗುಂಟ ಮೆಟ್ರೋ ವಿಸ್ತರಣೆಗೊಂಡಿತು. ಆದುದರಿಂದ ಹಿಂದಿನ ಪಾಲುಗಳನ್ನು ಇಂದಿನ ಗಾಳಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಜಯನಗರ ಮೊದಲಾದೆಡೆಯ ಸ್ವಯಂಚಾಲಿತ ಕೇಂದ್ರಗಳು ಕಣಗಳ ತೂಕವನ್ನು ನಿರಂತರವಾಗಿ ದಾಖಲಿಸುತ್ತವೆ. ಸಂಯೋಜನೆಯನ್ನು ತಿಳಿಯಲು ಪ್ರತ್ಯೇಕ ವಿಶ್ಲೇಷಣೆಯೇ ಬೇಕು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರೂ ಸೇರಿದೆ. ಆದರೆ ಅದರ ಪ್ರಗತಿಯನ್ನು ಮುಖ್ಯವಾಗಿ 10 ಮೈಕ್ರೋಮೀಟರಿನ ಕಣಗಳಿಂದಲೇ ಅಳೆಯಲಾಗಿದೆ. ರಸ್ತೆಗೆ ನೀರು ಚಿಮುಕಿಸಿ ಧೂಳನ್ನು ತಗ್ಗಿಸಿದರೆ ಆ ಅಂಕಿ ಇಳಿಯಬಹುದು. ಶ್ವಾಸಕೋಶದ ಆಳಕ್ಕಿಳಿಯುವ ಇಂಗಾಲ ಹಾಗೂ ಸಲ್ಫೇಟುಗಳು ಹಾಗೆಯೇ ಉಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಕ್ಷ್ಮಕಣಗಳ ವಾರ್ಷಿಕ ಮಾರ್ಗಸೂಚಿಯನ್ನು 5 ಮೈಕ್ರೋಗ್ರಾಮಿಗೆ ಇಳಿಸಿರುವಾಗ, ಕಾಲಕಾಲಕ್ಕೆ ನಡೆಯುವ ರಾಸಾಯನಿಕ ವಿಶ್ಲೇಷಣೆಯು ಸಂಶೋಧನೆಯ ವಿಷಯ ಮಾತ್ರವಾಗಿರದೆ ನಗರಾಡಳಿತದ ಅಗತ್ಯವೂ ಆಗಿದೆ.