ಗುಜರಿಯ ತಕ್ಕಡಿಯಲ್ಲಿ ಇತಿಹಾಸ



ಕೆಲವು ವರ್ಷಗಳ ಹಿಂದೆ ಹಾಸನದ ಕಡೆಗೆ ಹೊರಟಿದ್ದ ನಾನು ಮಾಗಡಿ ಸೀಮೆಯ ಸೋಲೂರಿನಲ್ಲಿ ಕಾಫಿಗೆಂದು ಇಳಿದೆ. ರಸ್ತೆಬದಿಯ ಗುಜರಿ ಅಂಗಡಿಯಲ್ಲಿ ಹಳೆಯ ಪಠ್ಯಪುಸ್ತಕಗಳ ರಾಶಿಯ ನಡುವೆ ಬಟ್ಟೆಯ ರಟ್ಟಿನ ಪುಸ್ತಕವೊಂದು ಕಣ್ಣಿಗೆ ಬಿತ್ತು. ಅದು ಹಳೆಯ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ವರದಿ. ಅಂಗಡಿಯವರು ತಕ್ಕಡಿಗೆ ಹಾಕಿ, “ಹದಿನೈದು ರೂಪಾಯಿ ಕೊಡಿ ಫಾದರ್” ಎಂದರು. ಮನೆಗೆ ಬಂದು ತೆರೆದಾಗ ಹಾಳೆಗಳ ನಡುವಿನಿಂದ ಮಡಿಸಿದ ಚೀಟಿಯೊಂದು ಜಾರಿತು. ಕೋಲಾರ ಚಿನ್ನದ ಗಣಿಯ ಕಾರ್ಮಿಕನೊಬ್ಬನ ಸಂಬಳದ ಚೀಟಿ! ವರದಿಯಲ್ಲಿ ಎಷ್ಟು ಔನ್ಸ್ ಚಿನ್ನ ದೊರೆಯಿತೆಂಬ ಲೆಕ್ಕವಿತ್ತು. ಚೀಟಿಯಲ್ಲಿ ಆತ ಎಷ್ಟು ದಿನ ದುಡಿದನೆಂಬ ಲೆಕ್ಕವಿತ್ತು.

ಅಂದಿನಿಂದ ಗಣಿಗಾರಿಕೆಗೆ ಸಂಬಂಧಿಸಿದ ಹಳೆಯ ಪುಸ್ತಕ, ಕಾಗದಪತ್ರಗಳನ್ನು ಸಂಗ್ರಹಿಸುವುದು ನನಗೊಂದು ಹವ್ಯಾಸವಾಯಿತು. ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದಾಗಲೆಲ್ಲ ಹಳೆಯ ಪುಸ್ತಕಗಳ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ.

ನಮ್ಮ ನಾಡಿನಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಆದರೆ ಕೋಲಾರದ ಚಿನ್ನದ ಗಣಿಗಳು ಲೋಕಪ್ರಸಿದ್ಧವಾಗಿದ್ದವು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಸಂಸ್ಥೆ ಅಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರಕ್ಕೆ ವಿದ್ಯುತ್ ಹರಿದು ಬಂತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿಯಿತು. 1956ರಲ್ಲಿ ಗಣಿಗಳು ಸರ್ಕಾರದ ವಶಕ್ಕೆ ಬಂದವು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿದವು.

ಇದು ದೊಡ್ಡ ಪುಸ್ತಕಗಳಲ್ಲಿ ಸಿಗುವ ಇತಿಹಾಸ. ಆ ಆಳದಲ್ಲಿ ಬಂಡೆಗಳು ಒತ್ತಡ ತಾಳಲಾರದೆ ಸಿಡಿದಾಗ ಮಡಿದವರಾರು? ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವರಾರು? ಇವರನ್ನು ಹುಡುಕಬೇಕಾದರೆ ಸಂಬಳದ ಚೀಟಿ, ಆಸ್ಪತ್ರೆಯ ಕಾಗದ, ಮನೆಗೆ ಬರೆದ ಪತ್ರಗಳೇ ಬೇಕು. ಕಾಗದ ಎಂದೂ ಬಡವರ ಮಿತ್ರನಾಗಿಯೇ ಇತ್ತೆಂದು ನಾನು ಹೇಳಲಾರೆ. ಬೆರಳಚ್ಚು ನೀಡಿ ಹೆಸರು ನೋಂದಾಯಿಸಬೇಕೆಂಬ ನಿಯಮವನ್ನು ವಿರೋಧಿಸಿ 1930ರಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ತಮ್ಮನ್ನು ಕಳ್ಳರಂತೆ ಕಾಣುವ ದಾಖಲೆ ಅವರಿಗೆ ಬೇಡವಾಗಿತ್ತು. ಆದ್ದರಿಂದಲೇ ಕಂಪನಿ ಬರೆದಿಟ್ಟ ಕಾಗದದ ಜೊತೆಗೆ ಕುಟುಂಬಗಳು ಕಾಪಿಟ್ಟ ಕಾಗದವನ್ನೂ ಓದಬೇಕು.

ಧರ್ಮಸಭೆಯಲ್ಲಿ ನಮಗೆ ಇದು ಹೊಸ ಪಾಠವಲ್ಲ. ಪ್ರತಿಯೊಂದು ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ ಹಾಗೂ ಮರಣದ ದಾಖಲೆ ಪುಸ್ತಕಗಳನ್ನು ಇಡಬೇಕೆಂದೂ ಹಳೆಯ ದಾಖಲೆಗಳನ್ನು ಜೋಪಾನ ಮಾಡಬೇಕೆಂದೂ ಧರ್ಮಸಭೆಯ ಕಾನೂನಿನ 535ನೇ ವಿಧಿ ಹೇಳುತ್ತದೆ. ಆ ಪುಸ್ತಕದಲ್ಲಿ ಎಂಜಿನಿಯರನಿಗೂ ಕೂಲಿಯಾಳಿಗೂ ಒಂದೊಂದೇ ಸಾಲು.

ನಿಮ್ಮಲ್ಲೊಂದು ಕೋರಿಕೆ. ಮನೆಯ ಅಟ್ಟದಲ್ಲಿ ತಾತನ ಪೆಟ್ಟಿಗೆಯಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ಅವರು ದುಡಿದದ್ದು ಗಣಿಯಲ್ಲೋ, ಗಿರಣಿಯಲ್ಲೋ, ರೈಲ್ವೆಯಲ್ಲೋ ಇರಬಹುದು. ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಪಟ್ಟಿ ಹಚ್ಚಬೇಡಿ. ತೇವ ತಾಗದ ಕಡೆ ಇಟ್ಟು, ಯಾರದ್ದೆಂದು ಬೇರೊಂದು ಹಾಳೆಯಲ್ಲಿ ಬರೆದಿಡಿ. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿಕೊಳ್ಳಿ. ನಾಳೆ ಹೇಳುವವರು ಇರಲಾರರು.

ಸೋಲೂರಿನ ಆ ಚೀಟಿಯನ್ನು ಅದರ ವಾರಸುದಾರರಿಗೆ ತಲುಪಿಸಲು ನನ್ನಿಂದ ಇನ್ನೂ ಆಗಿಲ್ಲ. ಶಾಯಿ ಮಾಸಿದ್ದರೂ ಹೆಸರನ್ನು ಓದಬಹುದು. ನವೆಂಬರ್ 2ರಂದು ಮೃತರಿಗಾಗಿ ಬಲಿಪೂಜೆ ಅರ್ಪಿಸುವಾಗ ನನ್ನ ತಂದೆತಾಯಿಯರ ಹೆಸರಿನ ಜೊತೆಗೆ ಆ ಹೆಸರನ್ನೂ ಓದುತ್ತೇನೆ.